ಆ ಚೀಲಗಳನ್ನು ಬಿಚ್ಚಿ: ಜರ್ಮನಿಯ ಫೆಡರಲ್ ಆರ್ಕೈವ್ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಾನು ಲೈಪ್‌ಜಿಗ್‌ನಲ್ಲಿರುವ ಕನ್ನಡಿಗ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆ ಸ್ಟಾಸಿ ನನ್ನ ಮೇಲೆ ಕಡತ ಇಟ್ಟಿರಲಿಲ್ಲ. ಆದರೆ ಇಲ್ಲೇ ತೆರಿಗೆ ಕಟ್ಟುತ್ತೇನೆ, ಸ್ಟಾಸಿ ಹರಿದುಹಾಕಿದ ಕಡತಗಳ ಚೀಲಗಳ ಬಗ್ಗೆ ಕೇಳುವ ಹಕ್ಕಿದೆ ಅಲ್ವಾ?

ಸ್ಟಾಸಿ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್ ಆಗುತ್ತದೆ. 2021ರಿಂದ ಅವು ನಿಮ್ಮ ಸುಪರ್ದಿಯಲ್ಲಿವೆ. 1992ರ ಜನವರಿಯಿಂದ ಜನ ಅರ್ಜಿ ಹಾಕಿ ತಮ್ಮ ಕಡತ ಓದುತ್ತಿದ್ದಾರೆ. ಅದರಲ್ಲಿ ಬರುವ ಬೇರೆಯವರ ಹೆಸರಿಗೆ ಮಸಿ ಬಳಿದಿರುತ್ತದೆ. ಚಾಡಿ ಹೇಳಿದವನ ಅಸಲಿ ಹೆಸರನ್ನು ಮಾತ್ರ ಕೇಳಿ ಪಡೆಯಬಹುದು. ಈ ನಿಯಮ ನನಗೆ ತುಂಬಾ ಹಿಡಿಸಿತು. ನಮ್ಮ ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಗುಪ್ತಚರ ಸಂಸ್ಥೆಗಳ ಬಾಗಿಲಿಗೆ ಬಂದು ಹೆಚ್ಚುಕಡಿಮೆ ನಿಂತುಬಿಡುತ್ತದೆ.

ನನ್ನ ತಕರಾರು ಚೀಲಗಳ ಬಗ್ಗೆ. 1989ರ ಕೊನೆಯಲ್ಲಿ ಕುರ್ಚಿ ಅಲುಗಾಡಿದಾಗ ಸ್ಟಾಸಿ ಅಧಿಕಾರಿಗಳು ಕಡತ ನಾಶ ಮಾಡಲು ಕೂತರು. ಯಂತ್ರ ಸಾಲದೆ ಕೈಯಲ್ಲೇ ಹರಿದರು. ಡಿಸೆಂಬರ್ 4ರಂದು ಎರ್ಫರ್ಟ್‌ನ ಜನ ಅಲ್ಲಿನ ಕಚೇರಿಗೆ ನುಗ್ಗಿ ತಡೆದರು. 1990ರ ಜನವರಿ 15ಕ್ಕೆ ಬರ್ಲಿನ್‌ನ ಕೇಂದ್ರ ಕಚೇರಿಯೂ ಜನರ ಕೈಗೆ ಬಂತು. ಹರಿದ ಚೂರುಗಳು ಸುಮಾರು 16,000 ಚೀಲಗಳಲ್ಲಿ ಉಳಿದವು.

1995ರಿಂದ ಬವೇರಿಯಾದ ಜಿರ್ನ್‌ಡಾರ್ಫ್‌ನಲ್ಲಿ ನೌಕರರು ಚೂರಿಗೆ ಚೂರು ಹೊಂದಿಸಿ ಅಂಟಿಸಿದರು. ಆಮೇಲೆ ಚೂರು ಹೊಂದಿಸೋಕೆ ಕಂಪ್ಯೂಟರ್ ಬಂತು, ದೊಡ್ಡ ದೊಡ್ಡ ಮಾತೂ ಬಂತು. ಅದರಿಂದ ಮುಗಿದದ್ದು ಬರೀ 23 ಚೀಲ. ಪಾಪ, ಟೇಪ್ ಹಿಡಿದು ಕೂತವರೇ ಎಷ್ಟೋ ವಾಸಿ.

ಚೀಲಗಳಲ್ಲಿ ಕೆಲಸಕ್ಕೆ ಬಾರದ ಕಾಗದವೂ ಇದೆ ಅನ್ನುತ್ತಾರೆ. ಇರಲಿ. ಕ್ರೀಡಾಪಟುಗಳಿಗೆ ಉದ್ದೀಪನ ಮದ್ದು ಕೊಟ್ಟ ಕೆಲವು ದಾಖಲೆಗಳೂ ಇಂಥ ಚೂರುಗಳಿಂದ ಹೊರಬಂದವು. ಅಷ್ಟು ಅವಸರದಲ್ಲಿ ಕೈ ನೋಯುವಷ್ಟು ಹರಿದವರು ಸುಮ್ನೆ ಹರಿದಿರಲಾರರು.

ಯಾವ ಚೀಲ ಯಾವ ಊರಿನ, ಯಾವ ವಿಭಾಗದ್ದು ಅಂತ ಗೊತ್ತಿರುವಷ್ಟನ್ನು ಪಟ್ಟಿ ಮಾಡಿ ಪ್ರಕಟಿಸಿ. ಹೊಸ ಯಂತ್ರ ಬರಲಿ ಅಂತ ಕಾಯದೆ ಕೈಕೆಲಸಕ್ಕೆ ಜಾಸ್ತಿ ಜನ ಹಾಕಿ. 1989ರಲ್ಲಿ ಮೂವತ್ತೈದು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಅವರಲ್ಲಿ ಯಾರಿಗಾದರೂ 'ದಾಖಲೆ ಸಿಗಲಿಲ್ಲ' ಎಂದು ಉತ್ತರ ಕಳಿಸುವಾಗ ಅದೇ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ: ಅವರ ಊರಿನ ಎಷ್ಟು ಚೀಲ ಇನ್ನೂ ಬಾಕಿ ಇವೆ, ಮತ್ತೆ ಯಾವಾಗ ಅರ್ಜಿ ಹಾಕಬೇಕು ಅಂತ.

ಇಂತಿ,
ಲೈಪ್‌ಜಿಗ್‌ನ ಒಬ್ಬ ಕನ್ನಡಿಗ