ತಂತ್ರಾಂಶದೊಳಗೆ ಮೇಲ್ ಪಾಸ್‌ವರ್ಡ್ ಹುದುಗಿಸಬೇಡಿ

ಮಾನ್ಯ ಸಂಪಾದಕರೇ,

ಸಣ್ಣ ಕಚೇರಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಬಿಲ್ ಸಿದ್ಧವಾದೊಡನೆ ಅದು ತಾನಾಗಿಯೇ ಇ–ಮೇಲ್ ಮೂಲಕ ಗ್ರಾಹಕರಿಗೆ ಹೋಗಬೇಕೆಂದು ಈಗ ಎಲ್ಲರೂ ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ನಮ್ಮ ಕಸುಬಿನ ಎಷ್ಟೋ ಮಂದಿ ಆ ಸೌಲಭ್ಯ ಒದಗಿಸುವ ರೀತಿ ಕಂಡರೆ ಸಂಕಟವಾಗುತ್ತದೆ.

ಈಚೆಗೆ ಒಂದು ಕಚೇರಿಯವರು, ಬೇರೆಯವರು ಮಾಡಿಕೊಟ್ಟ ತಂತ್ರಾಂಶದಿಂದ ಮೇಲ್ ಯಾರಿಗೂ ತಲುಪುತ್ತಿಲ್ಲವೆಂದು ನನ್ನನ್ನು ಕರೆದರು. ಪ್ರೋಗ್ರಾಂ ಇದ್ದ ಫೋಲ್ಡರಿನಲ್ಲೇ ಸೆಟ್ಟಿಂಗ್ಸ್ ಫೈಲ್ ಇತ್ತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಸರ್ವರಿನ ಹೆಸರು, ಮೇಲ್ ಕಳುಹಿಸಲು ಬಳಸುವ ಪೋರ್ಟ್ (ಸಂಪರ್ಕದ ದ್ವಾರ) 587, ಕೆಳಗೆ ತಯಾರಕರದೇ ಮೇಲ್ ವಿಳಾಸ, ಅದರ ಕೆಳಗೆ ಪಾಸ್‌ವರ್ಡ್. ಅದನ್ನು ಬೇಸ್64 ಎಂಬ, ಅಕ್ಷರಗಳ ರೂಪವನ್ನಷ್ಟೇ ಬದಲಿಸುವ ವಿಧಾನದಲ್ಲಿ ಬರೆದಿದ್ದರು. ಅದು ಗೂಢಲಿಪಿಯಲ್ಲ; ಬಿಡಿಸಲು ಯಾವ ಕೀಲಿಯೂ ಬೇಡ. ಇದೇ ಖಾತೆಯನ್ನು ಎಲ್ಲ ಗಿರಾಕಿಗಳ ಕಂಪ್ಯೂಟರಿಗೂ ಹಂಚಲಾಗಿತ್ತು. ಮೇಲ್ ಸೇವೆಯವರು ಖಾತೆ ತಡೆಹಿಡಿದಾಗ ಎಲ್ಲರದೂ ಒಟ್ಟಿಗೇ ನಿಂತಿತು. ದೃಢೀಕರಣ ವಿಫಲವಾಗಿದೆ ಎನ್ನಲು ಸರ್ವರ್ ಪ್ರತಿ ಸಲವೂ 535 ಎಂಬ ಉತ್ತರ ಕೊಡುತ್ತಿತ್ತು. ಪ್ರೋಗ್ರಾಂ ಅದನ್ನು ನುಂಗಿ ಪರದೆಯ ಮೇಲೆ ‘ಕಳುಹಿಸಲಾಗಿದೆ’ ಎಂದು ತೋರಿಸುತ್ತಿತ್ತು! ಬಾಕಿ ಹಣಕ್ಕಾಗಿ ಕಾದು ಕುಳಿತವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

ಪಾಸ್‌ವರ್ಡನ್ನು ಗೂಢಲಿಪಿಗೆ ಬದಲಿಸಿಟ್ಟಿದ್ದೇವೆ ಎಂದು ಕೆಲವರು ವಾದಿಸುತ್ತಾರೆ. ಬಿಡಿಸುವ ಕೀಲಿಯೂ ಅದೇ ಪ್ರೋಗ್ರಾಮಿನೊಳಗಿದ್ದರೆ, ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತಾಯಿತು. ಮೇಲಾಗಿ ಮೇಲ್ ಕಳುಹಿಸುವ ಪಾಸ್‌ವರ್ಡೇ ಸಾಮಾನ್ಯವಾಗಿ ಇನ್‌ಬಾಕ್ಸ್ ಓದುವುದಕ್ಕೂ ಸಾಕಾಗುತ್ತದೆ. ಗೂಗಲ್ 2022ರ ಮೇ ತಿಂಗಳಲ್ಲಿ ವೈಯಕ್ತಿಕ ಖಾತೆಗಳಲ್ಲಿ ಬರೀ ಪಾಸ್‌ವರ್ಡಿನಿಂದ ಒಳಬರುವ ಹಳೆಯ ಪದ್ಧತಿ ನಿಲ್ಲಿಸಿದಾಗ ನಮ್ಮವರು ಗೊಣಗಿದರು. ಬಳಿಕ ಇಂಥ ಪ್ರೋಗ್ರಾಮುಗಳಿಗೆಂದೇ ಗೂಗಲ್ ಬೇರೆಯಾಗಿ ಕೊಡುವ 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಅದನ್ನೂ ಅದೇ ಫೈಲಿಗೆ ತುರುಕಿದರು.

ಸರಿಯಾದ ದಾರಿ ಇಲ್ಲವೆಂದಲ್ಲ. ಬಳಕೆದಾರರ ಖಾತೆಯಿಂದಲೇ ಮೇಲ್ ಹೋಗಬೇಕಿದ್ದರೆ, ಪಾಸ್‌ವರ್ಡ್ ಕೊಡದೆಯೇ ಪ್ರೋಗ್ರಾಮಿಗೆ ಅನುಮತಿ ನೀಡುವ ಓಆತ್ (OAuth) ಪದ್ಧತಿಯಿದೆ. ಬ್ರೌಸರ್ ತೆರೆದುಕೊಳ್ಳುತ್ತದೆ, ಅವರು ಅಲ್ಲೇ ಒಪ್ಪಿಗೆ ಕೊಡುತ್ತಾರೆ, ಪಾಸ್‌ವರ್ಡ್ ನಮ್ಮ ಪ್ರೋಗ್ರಾಮಿನ ಕಣ್ಣಿಗೇ ಬೀಳುವುದಿಲ್ಲ. ಜಿಮೇಲಿನಲ್ಲಿ ಕಳುಹಿಸಲು ಮಾತ್ರ ಅನುಮತಿ ಕೇಳಬಹುದು; ಬೇಡವೆನಿಸಿದ ದಿನ ಅವರು ಅದನ್ನು ರದ್ದುಪಡಿಸಬಹುದು. ತಯಾರಕರ ಹೆಸರಿನಲ್ಲೇ ಮೇಲ್ ಹೋಗಬೇಕಿದ್ದರೆ ಆ ಕೆಲಸ ಅವರ ಸ್ವಂತ ಸರ್ವರಿನಲ್ಲಿ ನಡೆಯಲಿ, ಪಾಸ್‌ವರ್ಡ್ ಅಲ್ಲಿಂದಾಚೆ ಬರದಿರಲಿ. ಕೆಲಸ ತುಸು ಹೆಚ್ಚು, ನಿಜ. ಅದಕ್ಕೇ ಅಲ್ಲವೇ ನಮಗೆ ಸಂಬಳ?

ತಂತ್ರಾಂಶ ಕೊಳ್ಳುವವರಲ್ಲಿ ನನ್ನ ವಿನಂತಿ: ಮೇಲ್ ಯಾರ ಖಾತೆಯಿಂದ ಹೋಗುತ್ತದೆ, ಅದರ ಪಾಸ್‌ವರ್ಡ್ ಎಲ್ಲಿದೆ ಎಂದು ಮೊದಲೇ ಕೇಳಿರಿ. ತಯಾರಕರೇ, ಹೊಸ ಆವೃತ್ತಿಯಿಂದ ಪಾಸ್‌ವರ್ಡ್ ಅಳಿಸಿದರೆ ಸಾಲದು. ಹಳೆಯ ಪ್ರತಿಗಳು ಗಿರಾಕಿಗಳ ಕಂಪ್ಯೂಟರುಗಳಲ್ಲಿ ಹಾಗೆಯೇ ಉಳಿದಿರುತ್ತವೆ. ಆ ಪಾಸ್‌ವರ್ಡನ್ನು ಇವತ್ತೇ ಬದಲಿಸಿ.

– ಒಬ್ಬ ತಂತ್ರಾಂಶ ತಯಾರಕ