ಆ ಚಿತ್ರದಲ್ಲಿದ್ದದ್ದು ತಿಗಣೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೈತೋಟದ ಕೀಟಬಾಧೆ ಕುರಿತು ಅರ್ಧ ಪುಟದ ಲೇಖನ ಬಂದಿತ್ತು. ಅದರ ದೊಡ್ಡ ಚಿತ್ರದ ಅಡಿಬರಹ ಹೀಗಿದೆ: 'ದಾಸವಾಳದ ಕುಡಿಯಲ್ಲಿ ಬೀಡುಬಿಟ್ಟ ಹಿಟ್ಟು ತಿಗಣೆ. ಕಂಡ ಕೂಡಲೇ ಹೊಸಕಿ ಹಾಕಿ.' ನಾನು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ನಿವೃತ್ತಿಯಾದರೂ ಚಾಳಿ ಹೋಗಿಲ್ಲ. ಮೊದಲು ಅಡಿಬರಹ ಓದುತ್ತೇನೆ, ಆಮೇಲೆ ಚಿತ್ರಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತೇನೆ. ಇಲ್ಲಿ ಆಗಲಿಲ್ಲ. ಚಿತ್ರದ ನಡುವೆ ಮೈತುಂಬ ಬಿಳಿ ಕುಚ್ಚು ಹೊತ್ತು ಕೂತಿರುವುದು ಗಿಡದ ರಸ ಹೀರುವ ಆ ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಒಂದು ಜಾತಿಯ ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅವನ್ನು ನಾನೇ ಕೊಂದಿದ್ದೇನೆ, ಒಂದೆರಡಲ್ಲ.

ಎರಡು ವರ್ಷದ ಹಿಂದೆ ನಮ್ಮ ದಾಸವಾಳಕ್ಕೆ ತಿಗಣೆ ಹತ್ತಿತು. ಕುಡಿಯೆಲ್ಲ ಮುದುರಿಕೊಂಡಿತು, ಮೊಗ್ಗು ಅರಳದೆ ಉದುರಿತು, ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಆ ಸಿಹಿ ಅಂಟಿನ ಆಸೆಗೆ ಇರುವೆಗಳ ಸಾಲು, ಉಳಿದ ಅಂಟಿನ ಮೇಲೆ ಮಸಿ ಬಳಿದಂಥ ಬೂಷ್ಟು. ನಮ್ಮ ಮನೆಯವರು ಸ್ಪ್ರೇ ಬಾಟಲಿಯಲ್ಲಿ ಸಾಬೂನು ನೀರು ಹೊಡೆಯುವುದು, ಹಿಂದೆಯೇ ನಾನು ಹಳೆಯ ಟೂತ್‌ಬ್ರಷ್ ಹಿಡಿದು ಉಜ್ಜುವುದು. ಸ್ವಲ್ಪ ದಿನ ಕಳೆದ ಮೇಲೆ ಗಿಡದಲ್ಲಿ 'ದೊಡ್ಡ ತಿಗಣೆ'ಗಳು ಕಾಣಿಸಿಕೊಂಡವು. ಉಳಿದವಕ್ಕಿಂತ ಮೂರು ಪಟ್ಟು ಉದ್ದ, ಮೈಮೇಲೆ ಮೇಣದ ಎಳೆಗಳ ಜಡೆ. ಇವೇ ತಾಯಂದಿರು ಇರಬೇಕು, ಇವನ್ನು ಮುಗಿಸಿದರೆ ಸಂತಾನವೇ ಮುಗಿಯಿತು ಎಂದು ಒಂದೊಂದನ್ನೇ ಹುಡುಕಿ ಕೆಡವಿ ಮೆಟ್ಟಿದೆ. ಹತ್ತು ದಿನದಲ್ಲಿ ಗಿಡ ಮತ್ತೆ ಬೆಳ್ಳಗಾಯಿತು, ಮೊದಲಿಗಿಂತ ದಟ್ಟವಾಗಿ.

ಒಂದು ಮಧ್ಯಾಹ್ನ ಅಂಥದ್ದೊಂದು ಬ್ರಷ್ಷಿಗೆ ಸಿಗದೆ ಸರಸರ ಓಡಿತು. ತಿಗಣೆಗೆ ಅಂಥ ಓಟವಿಲ್ಲ. ಚುಚ್ಚಿದರೂ ಅದು ತೆವಳುವುದೇ ನಿಧಾನ. ಕೆಲಸದ ಕಾಲದಲ್ಲಿ ಸಣ್ಣಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ತಂದು ಹಿಡಿದೆ. ಆ ಹುಳು ತಿಗಣೆಯ ಮೊಟ್ಟೆಚೀಲಕ್ಕೆ ತಲೆ ತೂರಿಸಿತ್ತು. ಹತ್ತಿಯಂಥ ಆ ಚೀಲ ಒಳಗಿನಿಂದ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ಹೊರಬಂತು. ಬಾಯಿಗೆ ಗುಲಾಬಿ ಬಣ್ಣದ ಮೊಟ್ಟೆಯೊಂದು ಅಂಟಿಕೊಂಡಿತ್ತು. ನೋಡನೋಡುತ್ತ ಅದು ಸುಕ್ಕಿ ಬರೀ ಸಿಪ್ಪೆಯಾಯಿತು. ಮತ್ತೆ ತಲೆ ಒಳಕ್ಕೆ. ಬ್ರಷ್ಷು ಕೈಯಲ್ಲೇ ಉಳಿಯಿತು.

ಆಮೇಲೆ ಓದಿ ತಿಳಿದುಕೊಂಡೆ. ಇದರ ಹೆಸರು ಕ್ರಿಪ್ಟೊಲೀಮಸ್, ತವರು ಆಸ್ಟ್ರೇಲಿಯಾ. ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳ ತಿಗಣೆ ಹತೋಟಿಗೆಂದು ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ 1891-92ರಲ್ಲಿ ಇದನ್ನು ಅಲ್ಲಿಗೆ ಒಯ್ದ. 1898ರಲ್ಲಿ ನಮ್ಮ ದೇಶಕ್ಕೂ ತರಿಸಲಾಯಿತು. ತಾಯಿ ಹುಳು ಹುಡುಕಿಕೊಂಡು ಹೋಗಿ ತಿಗಣೆಯ ಮೊಟ್ಟೆಚೀಲದಲ್ಲೇ ತನ್ನ ಮೊಟ್ಟೆ ಇಡುತ್ತದೆ. ಮರಿ ಕಣ್ಣು ಬಿಡುವುದೇ ಊಟದ ಎಲೆಯ ಮುಂದೆ. ಒಂದು ಮರಿ ಬೆಳೆಯುವಷ್ಟರಲ್ಲಿ 250ರವರೆಗೂ ಎಳೆ ತಿಗಣೆ ತಿನ್ನಬಲ್ಲದು. ಮೈಮೇಲಿನ ಮೇಣ, ತಿಗಣೆಗೆ ಕಾವಲಿರುವ ಇರುವೆಗಳ ಕಡಿತದಿಂದ ಅದನ್ನು ಕಾಪಾಡುತ್ತದೆ. ಗೋಮುಖ ವ್ಯಾಘ್ರವೇ ಸರಿ, ಆದರೆ ನಮ್ಮ ಪಕ್ಷದ ವ್ಯಾಘ್ರ. ಇರುವೆ ಮೋಸಹೋದರೆ ಸರಿ, ಪುರವಣಿಯೂ ಹೋಗಬೇಕೆ?

ಲೇಖನದ ಕೊನೆಯಲ್ಲಿ 'ಮಿತ್ರಕೀಟಗಳನ್ನು ಉಳಿಸಿ' ಎಂಬ ಚೌಕಟ್ಟೂ ಇದೆ. ಅದರಲ್ಲಿ ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಹುಳು. ಕ್ರಿಪ್ಟೊಲೀಮಸ್ ದೊಡ್ಡದಾದ ಮೇಲೂ ಹಾಗಿರುವುದಿಲ್ಲ. ಕಪ್ಪು ಬೆನ್ನು, ಕಿತ್ತಳೆ ತಲೆ, ಕಡಲೆಬೇಳೆಗಿಂತ ಚಿಕ್ಕದು. ಇನ್ನು ಆ ಕೆಂಪು ಹುಳುವಿನ ಮರಿಯೂ ತಾಯಿಯಂತಿರುವುದಿಲ್ಲ. ಕಪ್ಪಗೆ, ಉದ್ದಕ್ಕೆ, ಮುಳ್ಳುಮುಳ್ಳಾಗಿ ಮೊಸಳೆಯ ಹಾಗಿರುತ್ತದೆ. ಸಸ್ಯಹೇನು ಮುತ್ತಿದ ಕುಡಿಯಲ್ಲಿ ಅದನ್ನು ಕಂಡವರು ಮೊದಲು ಕೊಲ್ಲುವುದು ಅದನ್ನೇ. ದೊಡ್ಡದರ ಫೋಟೋ ಹಾಕಿ ಉಳಿಸಿ ಎನ್ನುವುದು, ಮರಿಯ ಫೋಟೋ ಹಾಕಿ ಹೊಸಕಿ ಎನ್ನುವುದು, ಅದೂ ಒಂದೇ ಪುಟದಲ್ಲಿ!

ಸಾಬೂನು ನೀರು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅದು ಮೈಗೆ ತಾಗಿದ ಮೆದು ಹುಳುವನ್ನು ಕೊಲ್ಲುತ್ತದೆ, ಯಾರ ಮರಿ ಎಂದು ಕೇಳುವುದಿಲ್ಲ. ಮೇಣದ ಚೀಲದೊಳಗೆ ಸುಲಭಕ್ಕೆ ಇಳಿಯುವುದೂ ಇಲ್ಲ. ಹಾಗಾಗಿ ಹೊರಗಿದ್ದ ತಿಗಣೆಯೂ ಸತ್ತಿತು, ಅದನ್ನು ತಿನ್ನುವವರೂ ಸತ್ತರು, ಒಳಗಿದ್ದ ನೂರಾರು ಮೊಟ್ಟೆ ಒಡೆದು ಖಾಲಿ ಗಿಡವನ್ನು ಆಳಿದವು. ನಮ್ಮ ಗಿಡ ಮತ್ತೆ ಬೆಳ್ಳಗಾದ ಗುಟ್ಟು ಇಷ್ಟೇ. ಆಮೇಲೆ ನಾವು ಮಾಡಿದ್ದು ತೀರಾ ಮುದುರಿದ ನಾಲ್ಕು ಕುಡಿ ಕತ್ತರಿಸಿದ್ದು, ಕಾಂಡಕ್ಕೆ ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಅಂಟು ಬಳಿದು ಇರುವೆ ಹತ್ತದಂತೆ ನೋಡಿಕೊಂಡದ್ದು, ಬಾಟಲಿಯನ್ನು ಅಟ್ಟಕ್ಕೇರಿಸಿದ್ದು. ತಿಂಗಳೊಂದು ಬೇಕಾಯಿತು. ಆ ತಿಂಗಳು ಸುಮ್ಮನಿರುವುದೇ ಕಷ್ಟ, ನಮ್ಮ ಮನೆಯವರನ್ನು ಸುಮ್ಮನಿರಿಸುವುದು ಇನ್ನೂ ಕಷ್ಟ.

ಹುಳುಗಳೆಂದರೆ ಮರುಗುವವಳು ಎಂದುಕೊಳ್ಳಬೇಡಿ. ಅದೇ ಲೇಖನದಲ್ಲಿ 'ಕುಂಡದ ಕೆಳಗಿನ ತಟ್ಟೆಯಲ್ಲಿ ಸದಾ ನೀರಿರಲಿ' ಎಂಬ ಸಲಹೆಯಿದೆ. ಡೆಂಗಿ ಹರಡುವ ಸೊಳ್ಳೆಗೆ ಅಂಥ ತಟ್ಟೆಯೇ ಬಾಣಂತಿಕೋಣೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆ ನೀರಿನಂಚಿಗಿಂತ ತುಸು ಮೇಲೆ ತಟ್ಟೆಯ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ. ವಾರಕ್ಕೊಮ್ಮೆ ತಟ್ಟೆಯನ್ನು ಒರಟು ನಾರಿನಿಂದ ತಿಕ್ಕಬೇಕು. ನನ್ನ ಟೂತ್‌ಬ್ರಷ್ಷಿಗೆ ಈಗ ಅದೇ ಕೆಲಸ.

ಬರುವ ಭಾನುವಾರ ಒಂದು ತಿದ್ದುಪಡಿ ಹಾಕಿ. ಮೂರು ಸಾಲು ಸಾಕು, ಮೊದಲು ಅಚ್ಚಾದಷ್ಟೇ ದಪ್ಪಕ್ಷರದಲ್ಲಿ. ಚಿತ್ರ ಮಾತ್ರ ಅದೇ ಇರಲಿ, ಬಲು ಚೆನ್ನಾಗಿ ಬಂದಿದೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ