ಕುದುರೆಮುಖದ ಇನ್ನೊಂದು ಮಗ್ಗುಲು

ದಾವಣಗೆರೆ
ಅಕ್ಟೋಬರ್, ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು "ಹೇಗಿತ್ತಪ್ಪಾ ಟ್ರೆಕ್ಕಿಂಗ್?" ಅಂತ ಕೇಳಿದೆ. ನಾನು "ಚೆನ್ನಾಗಿತ್ತು" ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಆಮೇಲೆ ಸಮಾಧಾನವೇ ಆಗಲಿಲ್ಲ. ಒಂದು ಮಾತಿನಲ್ಲಿ ಮುಗಿಸುವ ಸಂಗತಿ ಅದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಲು ಇನ್ನೂ ನೋಯುತ್ತಿದೆ, ಹಾಗಾಗಿ ಬೇರೆಲ್ಲೂ ಹೋಗುವ ಅವಸರವೂ ಇಲ್ಲ.

ನಾನು ಬೆಳೆದದ್ದು ಕುದುರೆಮುಖದ ಟೌನ್‌ಶಿಪ್‌ನಲ್ಲಿ ಅನ್ನೋದು ನಿನಗೆ ಗೊತ್ತು. 1980ರಲ್ಲಿ ಅಜ್ಜನಿಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಡಂಪರ್ ಓಡಿಸುವ ಕೆಲಸ ಸಿಕ್ಕಿತು. ಆಗ ನನಗೆ ಎಂಟು ವರ್ಷ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅಲ್ಲೇ ಇದ್ದೆ. ಅಷ್ಟು ವರ್ಷ ಇದ್ದರೂ ಒಂದು ದಿನವೂ ಕುದುರೆಮುಖದ ನೆತ್ತಿ ಹತ್ತಿರಲಿಲ್ಲ. ನಮಗೆಲ್ಲ ಬೆಟ್ಟ ಅಂದರೆ ಅಪ್ಪ ಕೆಲಸಕ್ಕೆ ಹೋಗುವ ಜಾಗ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕಂದು ಗುಡ್ಡ. ಸ್ಫೋಟದ ಸದ್ದಿಗೆ ಅಡುಗೆಮನೆಯ ಲೋಟಗಳು ಅಲುಗುತ್ತಿದ್ದವು. ಅದು ಬಿಟ್ಟರೆ ತಿಂಗಳುಗಟ್ಟಲೆ ಸುರಿಯುವ ಮಳೆ, ಒಣಗದ ಬಟ್ಟೆ, ಹೊಗೆ ವಾಸನೆಯ ಯೂನಿಫಾರ್ಮು. ಬೆಟ್ಟವನ್ನು ನೋಡಬೇಕು ಅಂತ ಯಾರೂ ನಮಗೆ ಹೇಳಿಕೊಡಲಿಲ್ಲ. ನಮಗೂ ತೋಚಲಿಲ್ಲ.

ಈ ಸಲ ಆಫೀಸಿನ ಹುಡುಗರು ಆನ್‌ಲೈನ್‌ನಲ್ಲಿ ಪಾಸ್ ತೆಗೆಯುವಾಗ "ಸರ್, ನೀವೂ ಬರ್ತೀರಾ?" ಅಂತ ಸುಮ್ನೆ ಕೇಳಿದರು. ನಾನು ತಕ್ಷಣ ಹೂಂ ಅಂದುಬಿಟ್ಟೆ. ಅಲ್ಲಿಂದ ಒಂದು ತಿಂಗಳು ದಿನಾ ಬೆಳಿಗ್ಗೆ ಕುಂದವಾಡ ಕೆರೆ ಸುತ್ತಿದೆ. ಅಮ್ಮನಿಗೆ ನನ್ನ ಮಂಡಿಯದೇ ಚಿಂತೆ. ನೀನು ಬಿಟ್ಟುಹೋದ ನೀಲಿ ಬ್ಯಾಗನ್ನು ತಂದುಕೊಟ್ಟು, ಅದರಲ್ಲಿ ಒಂದು ಪೊಟ್ಟಣ ಉಪ್ಪು, ಒಂದು ಜೊತೆ ಹೆಚ್ಚುವರಿ ಕಾಲುಚೀಲ ಇಟ್ಟಳು. ಉಪ್ಪು ಯಾಕೆ ಅಂತ ಮಲೆನಾಡಿನ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಕಳಸದ ಹತ್ತಿರ ಬಾಳೆಗಲ್‌ನಲ್ಲಿ ಇಳಿದು, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋದೆವು. ರಾತ್ರಿ ಅಲ್ಲೇ ಒಂದು ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಬಿಸಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಟ್ಟರು. ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಕತ್ತಲಾಗುವ ಮುಂಚೆ ವಾಪಸ್ ಬರಲೇಬೇಕು, ಮೇಲೆ ಉಳಿಯಲು ಬಿಡುವುದಿಲ್ಲ. ನಮ್ಮ ಜೊತೆ ಬಂದ ಗೈಡ್ ಅದೇ ಊರಿನವನು, ಹೆಚ್ಚು ಕಮ್ಮಿ ನಿನ್ನ ವಯಸ್ಸು.

ಮೊದಲು ಗದ್ದೆ ಅಂಚು, ಆಮೇಲೆ ಮರಗಳ ನಡುವೆ ಕಾಲುದಾರಿ. ಅರ್ಧ ಗಂಟೆ ನಡೆದ ಮೇಲೆ ಕಾಡು ಬಿಟ್ಟು ಬಯಲಿಗೆ ಬಂದೆವು. ಅಲ್ಲಿ ನಿಂತುಬಿಟ್ಟೆ ಪುಟ್ಟಿ. ಎದುರಿಗೆ ಬೆಟ್ಟದ ಮೇಲೆ ಬೆಟ್ಟ. ಬೋಳು ಅಲ್ಲ, ಕಾಡೂ ಅಲ್ಲ. ಮೈಯೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ಮರಗಳ ಗುಂಪು, ಮೇಲಿಂದ ಕೆಳಗಿನ ತನಕ ಒಂದೇ ಗೆರೆ. ಯಾರೋ ಬೆಟ್ಟದ ಸೀರೆಯ ನೆರಿಗೆಯೊಳಗೆ ಮಾತ್ರ ಕಾಡು ತುರುಕಿಟ್ಟ ಹಾಗೆ. ಅದಕ್ಕೆ ಶೋಲಾ ಅನ್ನುತ್ತಾರೆ ಅಂತ ನೀನೇ ಒಮ್ಮೆ ಹೇಳಿದ್ದೆ. ಆಗ ಕಿವಿಗೆ ಬಿದ್ದಿತ್ತು, ಈಗ ಕಣ್ಣಿಗೆ ಬಿತ್ತು.

ದಾರಿಯ ಒಂದು ಕಡೆ ಹುಲ್ಲಿನ ಇಳಿಜಾರಿನಲ್ಲಿ ಒಂದೇ ಒಂದು ಮರ. ಎಲ್ಲರೂ ಅದನ್ನು ಒಂಟಿ ಮರ ಅಂತಲೇ ಕರೆಯುತ್ತಾರೆ. ಹುಡುಗರು ಅದರ ಕೆಳಗೆ ಫೋಟೋ ತೆಗೆಯುತ್ತಿದ್ದರೆ ನಾನು ಗೈಡ್ ಹುಡುಗನನ್ನು ಕೇಳಿದೆ: ಉಳಿದ ಕಡೆ ಯಾಕೆ ಮರ ಇಲ್ಲ? ಅವನು ಕೋಲಿನಿಂದ ನೆಲ ಕೆದಕಿ ತೋರಿಸಿದ. ನಾಲ್ಕು ಬೆರಳು ಮಣ್ಣು, ಅದರ ಕೆಳಗೆ ಕಲ್ಲು. "ಗಾಳಿ ಬೇರೆ ಜೋರು ಸರ್. ಮಣ್ಣು ದಪ್ಪ ಇರೋದು, ನೀರು ನಿಲ್ಲೋದು ಆ ಮಡಿಕೆಯಲ್ಲಿ ಮಾತ್ರ. ಮರಗಳು ಅಲ್ಲಿ ಸೇರಿಕೊಂಡಿವೆ" ಅಂದ. ಎಷ್ಟು ಸರಳವಾಗಿ ಹೇಳಿದ ನೋಡು. ಹುಲ್ಲು ಮಳೆನೀರನ್ನು ಓಡಲು ಬಿಡದೆ ಹಿಡಿಯುತ್ತದೆ. ನೀರು ನಿಧಾನಕ್ಕೆ ಮಣ್ಣಿನೊಳಗೇ ಜಾರಿ ಶೋಲಾಕ್ಕೆ ಬರುತ್ತದೆ. ಶೋಲಾ ಅದನ್ನು ಬೇರಿನ ಬುಡದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹೀಗಾಗಿ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳ ಹರಿಯುತ್ತಲೇ ಇರುತ್ತದೆ. ಹುಲ್ಲುಗಾವಲು ಅಂದರೆ ಖಾಲಿ ಜಾಗ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಅಂಥ ಒಂದು ಶೋಲಾದೊಳಗೆ ದಾರಿ ಹಾದುಹೋಗುತ್ತದೆ. ಹೊರಗೆ ಬಿಸಿಲು, ಒಳಗೆ ಕಾಲಿಟ್ಟರೆ ಸಂಜೆ. ಮೈಮೇಲೆ ತಣ್ಣನೆ ಬಟ್ಟೆ ಹೊದಿಸಿದ ಹಾಗೆ ಆಯಿತು. ಮರಗಳು ಗಿಡ್ಡ, ಸೊಟ್ಟ. ಕೊಂಬೆಗಳಿಗೆಲ್ಲ ಪಾಚಿ. ಪಾಚಿಯ ತುದಿಗೆ ಒಂದೊಂದು ಹನಿ. ಹಳ್ಳ ದಾಟುವಾಗ ಬಗ್ಗಿ ಬೊಗಸೆ ತುಂಬಿದೆ. ನೀರಿನ ತಳದಲ್ಲಿ ಪ್ರತಿ ಕಲ್ಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕೈ ಸೆಟೆಯುವಷ್ಟು ತಣ್ಣಗಿತ್ತು. ಎಲ್ಲೋ ಒಳಗೆ ಒಂದು ಹಕ್ಕಿ, ದಾರಿಯಲ್ಲಿ ಹೋಗುವ ಹುಡುಗ ಸುಮ್ಮನೆ ಸೀಟಿ ಹೊಡೆದ ಹಾಗೆ, ಹಾಡು ಶುರು ಮಾಡಿ ಅರ್ಧಕ್ಕೇ ಬಿಡುತ್ತಿತ್ತು. ರಕ್ತ ಹೀರುವ ಇಂಬಳಗಳೂ ಅಲ್ಲೇ ಕಾದಿದ್ದವು. ಅಮ್ಮನ ಉಪ್ಪು ಕೆಲಸಕ್ಕೆ ಬಂತು ಅಂತ ಅವಳಿಗೆ ಹೇಳಿದ್ದೇನೆ.

ಆ ನೀರು ಕೆಳಗೆ ಇಳಿದು ಭದ್ರೆಯನ್ನು ಸೇರುತ್ತದೆ. ನಾನು ಹುಡುಗನಾಗಿದ್ದಾಗ ಕಂಡ ಭದ್ರೆ ಮಳೆಗಾಲದಲ್ಲಿ ಗಟ್ಟಿ ಚಹಾದ ಬಣ್ಣ. ಎಲ್ಲ ಹೊಳೆಗಳೂ ಹಾಗೇ ಇರುತ್ತವೆ ಅಂತ ನನ್ನ ನಂಬಿಕೆ. ಆ ಮಣ್ಣು ಎಲ್ಲಿಂದ ಬರುತ್ತದೆ ಅಂತ ಕೇಳುವ ವಯಸ್ಸಲ್ಲ ಅದು.

ಇದನ್ನು ನಿನಗೆ ಹೇಳಲೇಬೇಕು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಯಿತು. ಗಣಿ ಮಾತ್ರ ನಡೆಯುತ್ತಲೇ ಇತ್ತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ. ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು. 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ತೀರ್ಪು ಬಂದ ವಾರ ನಾನು ಅಜ್ಜನ ಮನೆಯಲ್ಲೇ ಇದ್ದೆ. ಅಕ್ಕಪಕ್ಕದವರೆಲ್ಲ ಜಗುಲಿಯಲ್ಲಿ ಸೇರಿ "ನಮ್ಮ ಹೊಟ್ಟೆ ಮೇಲೆ ಹೊಡೆದರು" ಅಂತ ಕಣ್ಣೀರಿಟ್ಟರು. ನನಗೂ ಸಿಟ್ಟು ಬಂದಿತ್ತು. ಅಜ್ಜ ಏನೂ ಮಾತಾಡಲಿಲ್ಲ. ಅವರಿಗೆ ಆಗ ನಿವೃತ್ತಿ ಹತ್ತಿರ ಬಂದಿತ್ತು. ಎಲ್ಲರೂ ಎದ್ದುಹೋದ ಮೇಲೆ, "ಮಣ್ಣು ತೆಗೀತಾ ತೆಗೀತಾ ಹೋದ್ರೆ ಒಂದಿನ ಮುಗೀಲೇಬೇಕಲ್ಲಪ್ಪಾ" ಅಂದು ಒಳಗೆ ಹೋದರು.

ಅಜ್ಜನ ದುಡಿಮೆಯ ಬಗ್ಗೆ ನನಗೆ ತುಂಬಾ ಗೌರವ ಇದೆ. ಆ ಬೆಟ್ಟದ ಅದಿರಿನಿಂದಲೇ ನಾನು ಓದಿದೆ, ನಮ್ಮ ಮನೆಯ ಒಲೆ ಉರಿಯಿತು. ಅದನ್ನು ಮರೆಯುವುದಿಲ್ಲ. ಆದರೆ ಆ ಹಳ್ಳದ ಮುಂದೆ ಕೂತಾಗ, ಗಣಿ ನಿಂತದ್ದು ಸರಿಯಾಯಿತು ಅಂತ ಮೊದಲ ಸಲ ಮನಸಾರೆ ಅನ್ನಿಸಿತು. ಎರಡೂ ನಿಜ. ನಾನು ಎರಡನ್ನೂ ಇಟ್ಟುಕೊಂಡೇ ಮೇಲೆ ಹತ್ತಿದೆ.

ನಿನಗಾಗಿ ಒಂದು ವಸ್ತು ನೋಡಿಟ್ಟಿದ್ದೇನೆ. ಶೋಲಾ ದಾಟಿದ ಮೇಲೆ ಒಂದು ಹಾಸುಬಂಡೆ. ಮೇಲಿಂದ ನೀರು ಜಿನುಗುತ್ತಿತ್ತು. ಸುಸ್ತಾಗಿ ಅಲ್ಲಿ ಕೂತೆ. ಬಂಡೆಯ ಅಂಚಿನ ಹಸಿ ಮಣ್ಣಿನಲ್ಲಿ ಬೆರಳುದ್ದದ ಒಂದು ಗಿಡ. ಎಲೆಯ ತುಂಬ ಕೆಂಪು ಕೂದಲು. ಪ್ರತಿ ಕೂದಲಿನ ತುದಿಯಲ್ಲಿ ಒಂದು ಹನಿ. ಇಬ್ಬನಿ ಅಂದುಕೊಂಡೆ. ಆದರೆ ಗಂಟೆ ಹತ್ತೂವರೆ, ಸುತ್ತ ಎಲ್ಲೂ ಇಬ್ಬನಿ ಇಲ್ಲ. ಬಗ್ಗಿ ನೋಡಿದರೆ ಒಂದು ಸಣ್ಣ ನೊಣ ಅದಕ್ಕೆ ಅಂಟಿಕೊಂಡಿದೆ, ಒಂದು ಕಾಲು ಇನ್ನೂ ಆಡುತ್ತಿದೆ. ಕೀಟ ತಿನ್ನುವ ಡ್ರಾಸೆರಾ ಅಂತ ನೀನು ಪುಸ್ತಕದಲ್ಲಿ ತೋರಿಸಿದ್ದೆಯಲ್ಲ, ಅದೇ ಅಲ್ವಾ? ಮಣ್ಣಿನಲ್ಲಿ ಸಾರ ಕಡಿಮೆ ಇರುವ ಕಡೆ ಅದು ಹೀಗೆ ಹೊಟ್ಟೆ ಹೊರೆಯುತ್ತದೆ ಅಂತ ಹೇಳಿದ್ದೆ. ಹತ್ತು ನಿಮಿಷ ಅಲ್ಲೇ ಕೂತೆ. ಹುಡುಗರು ಮೇಲಿಂದ ಕೂಗುತ್ತಿದ್ದರು. ಪಕ್ಕದಲ್ಲೇ ಕರ್ಣಕುಂಡಲದ ಜಾತಿಯ ಪುಟ್ಟ ಗುಲಾಬಿ ಹೂಗಳು, ಅಂಗಿ ಗುಂಡಿಗಿಂತ ಚಿಕ್ಕವು, ಬಂಡೆ ತುಂಬ.

ಆಮೇಲಿನದು ನೇರ ಏರು. ಅದರ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ. ಐವತ್ತು ಹೆಜ್ಜೆ ಎಣಿಸುವುದು, ನಿಲ್ಲುವುದು, ಮತ್ತೆ ಎಣಿಸುವುದು.

ನೆತ್ತಿ 1,894 ಮೀಟರ್. ಕೊನೆಯ ದಿಬ್ಬ ಏರಿದ ಕೂಡಲೇ ಗಾಳಿ ಟೋಪಿ ಕಿತ್ತುಕೊಂಡಿತು. ಪಶ್ಚಿಮದ ಕಡೆ ಬೆಟ್ಟ ಅಲ್ಲಿಗೇ ಮುಗಿದುಹೋಗಿದೆ. ಕೆಳಗೆ ನೋಡಿದರೆ ದಕ್ಷಿಣ ಕನ್ನಡ. ಆದರೆ ನಾವು ಹೋದಾಗ ಕೆಳಗೆ ಏನೂ ಇರಲಿಲ್ಲ, ಬರೀ ಬಿಳಿ. ಮೋಡ ಕಣಿವೆಯಿಂದ ಮೇಲಕ್ಕೆ ಹತ್ತಿ ಬರುತ್ತಿತ್ತು. ಅಂಚಿನ ತನಕ ಬಂದು, ನಮ್ಮ ಕಾಲ ಬಳಿ ಒಂದು ಕ್ಷಣ ತಡೆದು, ಆಮೇಲೆ ಮೈಮೇಲೆಯೇ ಹಾದುಹೋಯಿತು. ಮುಖ, ಕೈ, ಹುಬ್ಬು ಎಲ್ಲ ಒದ್ದೆ. ಪಕ್ಕದಲ್ಲಿದ್ದವರೂ ಕಾಣಲಿಲ್ಲ. ನಿಮಿಷ ಕಳೆದ ಮೇಲೆ ಮೋಡ ಒಂದು ಕಡೆ ಹರಿಯಿತು. ಆ ಕಿಂಡಿಯಲ್ಲಿ ಬಹಳ ಕೆಳಗೆ ಅಡಿಕೆ ತೋಟ, ಕೆಂಪು ಹೆಂಚಿನ ಮನೆ, ದಾರದಂಥ ಒಂದು ಹೊಳೆ. ತಕ್ಷಣ ಮುಚ್ಚಿಕೊಂಡಿತು. ಆ ಕಡೆ ಸಮುದ್ರದ ತನಕ ಹೋದರೆ ನೀನಿರುವ ಮಂಗಳೂರು. ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ನಿನ್ನ ಹಾಸ್ಟೆಲಿನ ನಲ್ಲಿಯಲ್ಲಿ ಬರುವುದು ತುಂಬೆ ಅಣೆಕಟ್ಟಿನ ನೇತ್ರಾವತಿ. ನಾನು ದಿನಾ ಸುತ್ತುವ ಕುಂದವಾಡ ಕೆರೆಗೆ ಬರುವುದು ಭದ್ರಾ ಕಾಲುವೆಯ ನೀರು. ಚಿತ್ರಾನ್ನ ಬಿಚ್ಚಿ ತಿನ್ನುವಾಗ ಇದನ್ನೇ ಯೋಚಿಸುತ್ತಿದ್ದೆ.

ಮಾರನೇ ದಿನ ಬಸ್ಸಿನಲ್ಲಿ ಟೌನ್‌ಶಿಪ್‌ಗೆ ಹೋಗಿಬಂದೆ. ನಮ್ಮ ಕ್ವಾರ್ಟರ್ಸ್ ಇದ್ದ ಸಾಲು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲಿಗೆ ಬೀಗ. ಗೋಡೆಯ ಮೇಲೆ ಪಾಚಿ, ಬೆಟ್ಟದ ಮೇಲೆ ಕಂಡಂಥದ್ದೇ ದಪ್ಪ ಪಾಚಿ. ಅಜ್ಜ ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ ಮೊಣಕಾಲೆತ್ತರ ಹುಲ್ಲು. ದುಃಖ ಆಗುತ್ತದೆ ಅಂದುಕೊಂಡಿದ್ದೆ, ಅಷ್ಟೊಂದು ಆಗಲಿಲ್ಲ. ಅಲ್ಲಿಂದ ನಡೆದು ಭದ್ರೆಯ ಸೇತುವೆಗೆ ಹೋದೆ. ಮಳೆ ಈಗಷ್ಟೇ ಕಡಿಮೆಯಾಗಿದೆ, ಹೊಳೆ ತುಂಬಿ ಹರಿಯುತ್ತಿತ್ತು. ಬಗ್ಗಿ ನೋಡಿದೆ. ತಳದ ಕಲ್ಲುಗಳು ಕಾಣುತ್ತಿದ್ದವು.

ಡಿಸೆಂಬರ್‌ನಲ್ಲಿ ನಿನಗೆ ಎಷ್ಟು ದಿನ ರಜೆ? ಆ ಹೊತ್ತಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಆಕಾಶ ತಿಳಿಯಾಗಿದ್ದರೆ ಸಮುದ್ರವೂ ಕಾಣುತ್ತದೆ ಅಂತ ಗೈಡ್ ಹುಡುಗ ಹೇಳಿದ. ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯಕ್ಕೆ ದಾರಿ ಮುಚ್ಚುತ್ತಾರಂತೆ. ಪಾಸ್ ಮುಂಚೆಯೇ ತೆಗೆಯಬೇಕು, ಶನಿವಾರ ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ನಾವು ವಾರದ ನಡುವೆ ಹೋಗೋಣ, ಜನ ಕಡಿಮೆ ಇರುತ್ತಾರೆ. ಅಮ್ಮ ಒಂಟಿ ಮರದ ತನಕ ಬರುತ್ತೇನೆ ಅಂದಿದ್ದಾಳೆ.

ನಿನ್ನ ಬ್ಯಾಗ್ ಇನ್ನೂ ತೊಳೆದಿಲ್ಲ. ಪಟ್ಟಿಯ ತುಂಬ ಹುಲ್ಲಿನ ಬೀಜ ಅಂಟಿಕೊಂಡಿವೆ, ಮೂರು ನಾಲ್ಕು ಬಗೆಯವು. ಕಿತ್ತು ಒಂದು ಕಾಗದದಲ್ಲಿ ಮಡಚಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಯಾವ ಹುಲ್ಲು ಅಂತ ನೋಡಿ ಹೇಳು.

ಇಂತಿ ನಿನ್ನ,
ಅಪ್ಪ